ದುಡಿಯುವ ಕುಟುಂಬಗಳಲ್ಲಿ ಅಧಿಕ ರಕ್ತದೊತ್ತಡ: ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಪಾಠದ ಉದ್ದೇಶ

ಈ ಪಾಠದ ಅಧ್ಯಯನದಿಂದ ಸದಸ್ಯರು ಮೂರು ವಿಷಯಗಳನ್ನು ಮನಗಾಣಬೇಕೆಂಬುದು ಅಪೇಕ್ಷೆ. ಮೊದಲನೆಯದು, ಅಧಿಕ ರಕ್ತದೊತ್ತಡ ಮತ್ತು ಅದರೊಂದಿಗೆ ಬರುವ ದೀರ್ಘಕಾಲೀನ ಕಾಯಿಲೆಗಳು ಬಡ ಕುಟುಂಬಗಳನ್ನು ಏಕೆ ಹೆಚ್ಚಾಗಿ ಕಾಡುತ್ತವೆ ಎಂಬುದು. ಎರಡನೆಯದು, ಔಷಧವು ಉಚಿತವಾಗಿ ದೊರೆಯುವಾಗಲೂ ಚಿಕಿತ್ಸೆ ನಡುವೆಯೇ ಏಕೆ ನಿಂತುಹೋಗುತ್ತದೆ ಎಂಬುದು. ಮೂರನೆಯದು, ಅದು ನಿಲ್ಲದಂತೆ ನೋಡಿಕೊಳ್ಳುವುದರಲ್ಲಿ ಗ್ರಾಮ ಪಂಚಾಯತಿಯು ಏನು ಮಾಡಬಲ್ಲದು ಎಂಬುದು.

1. ‘ಶ್ರೀಮಂತರ ಕಾಯಿಲೆ’ ಎಂಬ ತಪ್ಪು ತಿಳಿವಳಿಕೆ

ರಜಾ ದಿನಗಳಲ್ಲಿ ಬೆಂಗಳೂರಿನಿಂದ ಬರುವ ಯುವಕರು ನಸುಕಿನಲ್ಲೇ ಸ್ಕಂದಗಿರಿಯನ್ನು ಹತ್ತುತ್ತಾರೆ. ಅದೇ ಬೆಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಅದೇ ಹೊತ್ತಿಗೆ ಜನರು ಹಾಲು ಕರೆದು ಡೈರಿಗೆ ಹಾಕಿ, ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಹೊರಟಿರುತ್ತಾರೆ. ದಿನವಿಡೀ ಮೈ ಬಗ್ಗಿಸಿ ದುಡಿಯುವವರಿಗೆ ‘ಬಿ.ಪಿ.’ ಎಲ್ಲಿಂದ ಬರಬೇಕು, ಅದು ಕುರ್ಚಿಯ ಮೇಲೆ ಕುಳಿತು ಉಣ್ಣುವವರ ಕಾಯಿಲೆ ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಈ ನಂಬಿಕೆ ಸರಿಯಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 30ರಿಂದ 79 ವರ್ಷದೊಳಗಿನ ಸುಮಾರು 140 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿದ್ದು, ಅವರಲ್ಲಿ ಮೂರನೆಯ ಎರಡು ಭಾಗದಷ್ಟು ಮಂದಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿಯೇ ವಾಸಿಸುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಭಾರತದಲ್ಲಿ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ಶೇ. 21.3 ಮತ್ತು ಪುರುಷರಲ್ಲಿ ಶೇ. 24.0 ಮಂದಿಗೆ ರಕ್ತದೊತ್ತಡ ಹೆಚ್ಚಿದೆ ಅಥವಾ ಅವರು ಅದಕ್ಕಾಗಿ ಮಾತ್ರೆ ಸೇವಿಸುತ್ತಿದ್ದಾರೆ ಎಂದು ದಾಖಲಿಸಿದೆ. ದುಡಿಮೆಯು ದೇಹವನ್ನು ಗಟ್ಟಿಗೊಳಿಸುವುದು ನಿಜ; ಆದರೆ ಉಪ್ಪು, ತಂಬಾಕು, ಮದ್ಯ, ನಿದ್ರೆಗೇಡು ಮತ್ತು ಸಾಲದ ಚಿಂತೆಗಳಿಂದಾಗುವ ಹಾನಿಯನ್ನು ದುಡಿಮೆಯೊಂದೇ ತಡೆಯಲಾರದು.

2. ಕಾಯಿಲೆಯ ಸ್ವರೂಪ

ಹೃದಯವು ರಕ್ತವನ್ನು ತಳ್ಳುವಾಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡವೇ ರಕ್ತದೊತ್ತಡ. ಅದನ್ನು ಎರಡು ಸಂಖ್ಯೆಗಳಲ್ಲಿ ಹೇಳಲಾಗುತ್ತದೆ. ಹೃದಯವು ಸಂಕುಚಿಸುವಾಗಿನ ಒತ್ತಡ ಮೇಲಿನ ಸಂಖ್ಯೆ. ಹೃದಯವು ವಿರಮಿಸುವಾಗಿನ ಒತ್ತಡ ಕೆಳಗಿನ ಸಂಖ್ಯೆ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಮೇಲಿನದು 140 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಕೆಳಗಿನದು 90 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದನ್ನು ಅಧಿಕ ರಕ್ತದೊತ್ತಡವೆಂದು ವೈದ್ಯರು ನಿರ್ಣಯಿಸುತ್ತಾರೆ.

ಈ ಕಾಯಿಲೆಯ ಮುಖ್ಯ ಲಕ್ಷಣವೆಂದರೆ ಅದಕ್ಕೆ ಲಕ್ಷಣಗಳಿಲ್ಲದಿರುವುದು. ನೋವಿಲ್ಲ, ಜ್ವರವಿಲ್ಲ, ಸುಸ್ತಿಲ್ಲ. ಹಲವು ವರ್ಷಗಳ ಕಾಲ ಮನುಷ್ಯನು ಎಂದಿನಂತೆ ಕೆಲಸ ಮಾಡುತ್ತಿರುವಾಗಲೇ ಒಳಗೆ ಮಿದುಳು, ಹೃದಯ, ಮೂತ್ರಪಿಂಡ ಮತ್ತು ಕಣ್ಣಿನ ರಕ್ತನಾಳಗಳು ಹಾನಿಗೊಳ್ಳುತ್ತಿರುತ್ತವೆ. ಹಲವರಿಗೆ ಕಾಯಿಲೆಯ ಮೊದಲ ಸುಳಿವು ಪಾರ್ಶ್ವವಾಯು, ಅಂದರೆ ಜನರು ‘ಲಕ್ವ’ ಎಂದು ಕರೆಯುವ ಸ್ಥಿತಿ, ಅಥವಾ ಹೃದಯಾಘಾತವೇ ಆಗಿರುತ್ತದೆ. ಸಕ್ಕರೆ ಕಾಯಿಲೆಯೂ ಜೊತೆಗಿದ್ದರೆ ಮೂತ್ರಪಿಂಡಗಳಿಗೆ ಅಪಾಯ ಹೆಚ್ಚು. ಮೂತ್ರಪಿಂಡ ಸಂಪೂರ್ಣ ವಿಫಲವಾದವರಿಗೆ ವಾರಕ್ಕೆ ಎರಡು ಅಥವಾ ಮೂರು ಬಾರಿ ಡಯಾಲಿಸಿಸ್ ಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತವಾಗಿ ದೊರೆತರೂ ಪ್ರಯಾಣದ ಖರ್ಚು, ಜೊತೆಗೆ ಹೋಗುವವರ ಕೂಲಿಯ ನಷ್ಟ ಕುಟುಂಬದ ಮೇಲೆಯೇ ಬೀಳುತ್ತದೆ.

ಇದಕ್ಕೆ ಎದುರಾಗಿ ಒಂದು ಸಮಾಧಾನದ ಸಂಗತಿಯೂ ಇದೆ. ಚಿಕಿತ್ಸೆಯಿಂದ ಮೇಲಿನ ಸಂಖ್ಯೆಯನ್ನು 10ರಷ್ಟು ಇಳಿಸಿದರೂ ಹೃದಯ ಮತ್ತು ರಕ್ತನಾಳಗಳಿಗೆ ಸಂಬಂಧಿಸಿದ ತೀವ್ರ ಅನಾಹುತಗಳು ಸುಮಾರು ಐದರಲ್ಲಿ ಒಂದು ಭಾಗದಷ್ಟು, ಪಾರ್ಶ್ವವಾಯು ಸುಮಾರು ನಾಲ್ಕರಲ್ಲಿ ಒಂದು ಭಾಗದಷ್ಟು ಕಡಿಮೆಯಾಗುತ್ತವೆ ಎಂಬುದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಖಚಿತಪಟ್ಟಿದೆ. ಹೆಚ್ಚಿನವರಿಗೆ ದಿನಕ್ಕೆ ಒಂದೆರಡು ಸಾಧಾರಣ ಮಾತ್ರೆಗಳಿಂದಲೇ ಇದು ಸಾಧ್ಯ.

3. ಐದು ಸಾವಿರ ಜನರ ಪಂಚಾಯತಿಯ ಲೆಕ್ಕ

ವಿಷಯದ ಗಾತ್ರವನ್ನು ಗ್ರಹಿಸಲು 5,000 ಜನಸಂಖ್ಯೆಯ ಒಂದು ಗ್ರಾಮ ಪಂಚಾಯತಿಯನ್ನು ಭಾವಿಸಿಕೊಳ್ಳಬಹುದು. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿಯು ಜನಸಂಖ್ಯೆಯ ಸುಮಾರು ಶೇ. 37 ಮಂದಿ 30 ವರ್ಷ ಮೇಲ್ಪಟ್ಟವರೆಂದು ಎಣಿಸುತ್ತದೆ. ಆ ಪ್ರಕಾರ ತಪಾಸಣೆಗೆ ಒಳಪಡಬೇಕಾದವರು 1,850 ಮಂದಿ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ ಭಾರತದ ಕುರಿತು ನೀಡಿರುವ ಅಂದಾಜನ್ನು ಅನ್ವಯಿಸಿದರೆ ದೊರೆಯುವ ಚಿತ್ರ ಹೀಗಿದೆ:

• ಅಧಿಕ ರಕ್ತದೊತ್ತಡ ಇರುವವರು (ಶೇ. 31): ಸುಮಾರು 570 ಮಂದಿ
• ಅವರಲ್ಲಿ ತಮಗೆ ಕಾಯಿಲೆಯಿದೆ ಎಂದು ಗೊತ್ತಿರುವವರು (ಶೇ. 37): ಸುಮಾರು 210 ಮಂದಿ
• ಚಿಕಿತ್ಸೆ ಪಡೆಯುತ್ತಿರುವವರು (ಶೇ. 30): ಸುಮಾರು 170 ಮಂದಿ
• ರಕ್ತದೊತ್ತಡ ಹತೋಟಿಯಲ್ಲಿರುವವರು (ಶೇ. 15): ಸುಮಾರು 85 ಮಂದಿ

ಇದು ದೇಶದ ಸರಾಸರಿಯ ಮೇಲೆ ಕಟ್ಟಿದ ಲೆಕ್ಕವೇ ಹೊರತು ಯಾವುದೇ ನಿರ್ದಿಷ್ಟ ಪಂಚಾಯತಿಯ ಸಮೀಕ್ಷೆಯಲ್ಲ. ಆದರೂ ಇದರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. 570 ಮಂದಿಯಲ್ಲಿ 360 ಮಂದಿಗೆ ಕಾಯಿಲೆಯ ಅರಿವೇ ಇಲ್ಲ. ಚಿಕಿತ್ಸೆ ಪಡೆಯುತ್ತಿರುವ 170 ಮಂದಿಯಲ್ಲಿಯೂ ಅರ್ಧದಷ್ಟು ಮಂದಿಗೆ ಅದರ ಪೂರ್ಣ ಪ್ರಯೋಜನ ದೊರೆಯುತ್ತಿಲ್ಲ. ಮೊದಲನೆಯ ಕೊರತೆಯನ್ನು ತಪಾಸಣೆಯಿಂದ ನೀಗಬಹುದು. ಎರಡನೆಯದನ್ನು ನೀಗಲು ಚಿಕಿತ್ಸೆಯ ನಿರಂತರತೆ ಬೇಕು. ಶಿಬಿರಗಳನ್ನು ನಡೆಸಿ ಫೋಟೋ ತೆಗೆಸಿಕೊಳ್ಳುವುದರಿಂದ ಎರಡನೆಯ ಕೊರತೆ ನೀಗುವುದಿಲ್ಲ.

4. ಬಡತನಕ್ಕೂ ಈ ಕಾಯಿಲೆಗೂ ಇರುವ ನಂಟು

ಬಡತನದ ಪರಿಣಾಮವು ಮಗು ಹುಟ್ಟುವ ಮೊದಲೇ ಆರಂಭವಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ಪ್ರಸಿದ್ಧ ಆಧಾರವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ಜನನ ತೂಕವನ್ನು ದಾಖಲಿಸಿ ಇಡಲಾಗಿತ್ತು. ಅಲ್ಲಿ 1934ರಿಂದ 1954ರ ಅವಧಿಯಲ್ಲಿ ಜನಿಸಿದ 517 ಮಂದಿಯನ್ನು ಸಂಶೋಧಕರು ಹಲವು ದಶಕಗಳ ನಂತರ ಪತ್ತೆಹಚ್ಚಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ನಡುವಯಸ್ಸಿನ ಹೃದ್ರೋಗವು ಶೇ. 11ರಷ್ಟಿದ್ದರೆ, ಮೂರು ಕಿಲೋಗಿಂತ ಹೆಚ್ಚು ತೂಕವಿದ್ದವರಲ್ಲಿ ಶೇ. 3ರಷ್ಟು ಮಾತ್ರ ಇದ್ದುದು ಕಂಡುಬಂದಿತು. ಗರ್ಭಿಣಿಯ ಊಟದಲ್ಲಿ ಆದ ಕೊರತೆಯ ಫಲವನ್ನು ಮಗುವು ಐವತ್ತು ವರ್ಷಗಳ ನಂತರ ಅನುಭವಿಸಬಹುದೆಂಬುದು ಇದರ ತಾತ್ಪರ್ಯ. ಆದ್ದರಿಂದ ಅಂಗನವಾಡಿಯ ಪೌಷ್ಟಿಕ ಆಹಾರ ಮತ್ತು ಗರ್ಭಿಣಿಯರ ತಪಾಸಣೆಯೂ ಹೃದ್ರೋಗ ತಡೆಯುವ ಕಾರ್ಯಗಳೇ ಆಗಿವೆ.

ಎರಡನೆಯದು ಉಪ್ಪು. ವಯಸ್ಕರೊಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚೆಗಿಂತ ಹೆಚ್ಚು ಉಪ್ಪು ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಭಾರತೀಯರು ಸರಾಸರಿ 8 ಗ್ರಾಂ ಸೇವಿಸುತ್ತಾರೆಂದು ರಾಷ್ಟ್ರೀಯ ಸಮೀಕ್ಷೆಯೊಂದು ತೋರಿಸಿದೆ. ನಾಲ್ವರು ವಯಸ್ಕರ ಕುಟುಂಬಕ್ಕೆ ಎಲ್ಲವೂ ಸೇರಿ ತಿಂಗಳಿಗೆ 600 ಗ್ರಾಂ ಉಪ್ಪು ಮಿತಿಯಾಗುತ್ತದೆ. ಒಂದು ಕಿಲೋ ಪೊಟ್ಟಣವು ತಿಂಗಳು ತುಂಬುವ ಮೊದಲೇ ಮುಗಿಯುತ್ತಿದ್ದರೆ ಮಿತಿ ಮೀರಿದೆಯೆಂದು ತಿಳಿಯಬೇಕು. ನಮ್ಮ ಭಾಗದ ರಾಗಿ ಮುದ್ದೆ, ಅವರೆಕಾಳು, ಸೊಪ್ಪಿನ ಸಾರು ಉತ್ತಮ ಆಹಾರವೇ. ದೋಷವಿರುವುದು ಸಾರಿಗೆ ಬೀಳುವ ಹೆಚ್ಚುವರಿ ಉಪ್ಪಿನಲ್ಲಿ, ತರಕಾರಿ ಕೊಳ್ಳಲಾಗದ ದಿನ ಉಪ್ಪಿನಕಾಯಿಯಲ್ಲೇ ಊಟ ಮುಗಿಸುವುದರಲ್ಲಿ, ಹಾಗೂ ಮಕ್ಕಳ ಕೈಗೆ ಸಿಗುವ ಖಾರದ ಪೊಟ್ಟಣಗಳಲ್ಲಿ.

ಮೂರನೆಯದು ತಂಬಾಕು ಮತ್ತು ಮದ್ಯ. ಬೀಡಿ, ಸಿಗರೇಟು, ಕಡ್ಡಿಪುಡಿ, ಎಲೆಯಡಿಕೆಯೊಂದಿಗಿನ ಹೊಗೆಸೊಪ್ಪು ಇವೆಲ್ಲವೂ ಹೃದಯಕ್ಕೆ ಹಾನಿಕರ. ಹಸಿವು ಮತ್ತು ಆಯಾಸವನ್ನು ಮರೆಯಲು ಇವುಗಳನ್ನು ಬಳಸುವವರೇ ಹೆಚ್ಚು.

ನಾಲ್ಕನೆಯದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ತೋಟದ ಕೂಲಿ, ಕಲ್ಲು ಕೆಲಸ, ರೇಷ್ಮೆ ನೂಲು ಬಿಚ್ಚಾಣಿಕೆ ಮುಂತಾದ ದುಡಿಮೆಯಲ್ಲಿರುವವರು ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗುವುದುಂಟು. ಇಂತಹ ಅನೇಕ ಮಾತ್ರೆಗಳು ರಕ್ತದೊತ್ತಡವನ್ನು ಏರಿಸುತ್ತವೆ, ಬಿ.ಪಿ. ಮಾತ್ರೆಯ ಪರಿಣಾಮವನ್ನು ತಗ್ಗಿಸುತ್ತವೆ ಮತ್ತು ಮೂತ್ರಪಿಂಡಗಳನ್ನು ಕೆಡಿಸುತ್ತವೆ. ವೈದ್ಯರ ಸಲಹೆಯಿಲ್ಲದೆ ನೋವಿನ ಮಾತ್ರೆಯನ್ನು ದಿನನಿತ್ಯ ಸೇವಿಸಬಾರದೆಂಬ ಮಾತನ್ನು ವಾರ್ಡ್ ಸಭೆಗಳಲ್ಲಿ ಒತ್ತಿ ಹೇಳುವುದು ಅಗತ್ಯ.

5. ಮಾತ್ರೆ ಏಕೆ ನಿಲ್ಲುತ್ತದೆ?

ಶಿಡ್ಲಘಟ್ಟದ ಕಡೆಯ ಒಂದು ಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ನಲವತ್ತೆಂಟು ವರ್ಷದ ಮಹಿಳೆಯೊಬ್ಬರು ನೂಲು ಬಿಚ್ಚಾಣಿಕೆ ಘಟಕದಲ್ಲಿ ದಿನಗೂಲಿಗೆ ದುಡಿಯುತ್ತಾರೆ. ಶಿಬಿರವೊಂದರಲ್ಲಿ ಅವರ ರಕ್ತದೊತ್ತಡ 170/100 ಎಂದು ತಿಳಿದು, ವೈದ್ಯರು ಒಂದು ತಿಂಗಳ ಮಾತ್ರೆ ನೀಡುತ್ತಾರೆ. ತಿಂಗಳು ಕಳೆದ ಮೇಲೆ ಮಾತ್ರೆ ತರಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಕೇಂದ್ರವು ತೆರೆದಿರುವುದು ಘಟಕದ ಕೆಲಸದ ವೇಳೆಯಲ್ಲಿಯೇ. ಹೋದರೆ ಆ ದಿನದ ಕೂಲಿ ಇಲ್ಲ, ಬಸ್ಸಿಗೆ ಕಾಯಬೇಕು, ಸಾಲಿನಲ್ಲಿ ನಿಲ್ಲಬೇಕು. ಒಮ್ಮೊಮ್ಮೆ ಮಾತ್ರೆ ಮುಗಿದಿದೆ, ಮುಂದಿನ ವಾರ ಬನ್ನಿ ಎಂಬ ಉತ್ತರವೂ ಸಿಗಬಹುದು. ಮೈಗೆ ಏನೂ ತೊಂದರೆ ಕಾಣುತ್ತಿಲ್ಲವಾದ್ದರಿಂದ ಅವರು ಸುಮ್ಮನಾಗುತ್ತಾರೆ. ಎರಡು ವರ್ಷಗಳ ನಂತರ ಒಂದು ಬೆಳಿಗ್ಗೆ ಅವರ ಬಲಗೈ ಮತ್ತು ಬಲಗಾಲು ಸ್ವಾಧೀನ ಕಳೆದುಕೊಳ್ಳುತ್ತವೆ. ದುಡಿಯುವ ಕೈ ಒಂದು ಕಡಿಮೆಯಾಗುವುದಷ್ಟೇ ಅಲ್ಲ, ಅವರನ್ನು ನೋಡಿಕೊಳ್ಳಲು ಕಾಲೇಜಿಗೆ ಹೋಗುತ್ತಿದ್ದ ಮಗಳು ಮನೆಯಲ್ಲಿ ಉಳಿಯುತ್ತಾಳೆ.

ಇಲ್ಲಿ ಔಷಧವು ಉಚಿತವಾಗಿತ್ತು. ಆದರೆ ಅದನ್ನು ಪಡೆಯುವುದು ಉಚಿತವಾಗಿರಲಿಲ್ಲ. ಒಂದು ತಿಂಗಳ ಮಾತ್ರೆಯ ನಿಜವಾದ ಬೆಲೆ ಒಂದು ದಿನದ ಕೂಲಿಯಾಗಿತ್ತು. ಕಡಿಮೆ ಆದಾಯದ ಕುಟುಂಬಗಳಲ್ಲಿ ಚಿಕಿತ್ಸೆ ನಿಲ್ಲುವುದಕ್ಕೆ ಅಜ್ಞಾನವೊಂದೇ ಕಾರಣವೆಂದು ತೀರ್ಮಾನಿಸುವುದು ನ್ಯಾಯವಲ್ಲ.

ಇದರೊಂದಿಗೆ ಕೆಲವು ತಪ್ಪು ನಂಬಿಕೆಗಳೂ ಸೇರಿಕೊಳ್ಳುತ್ತವೆ. ಅವುಗಳಿಗೆ ಸದಸ್ಯರು ಹೀಗೆ ಉತ್ತರಿಸಬಹುದು:

‘ಬಿ.ಪಿ. ನಾರ್ಮಲ್ ಆಯಿತು, ಇನ್ನು ಮಾತ್ರೆ ಬೇಡ’ – ನಾರ್ಮಲ್ ಆಗಿರುವುದು ಮಾತ್ರೆಯಿಂದಲೇ. ನಿಲ್ಲಿಸಿದರೆ ಸಾಮಾನ್ಯವಾಗಿ ಮತ್ತೆ ಏರುತ್ತದೆ. ಪ್ರಮಾಣ ತಗ್ಗಿಸುವುದು, ನಿಲ್ಲಿಸುವುದು ವೈದ್ಯರ ನಿರ್ಧಾರ.

‘ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕು, ಅದಕ್ಕೇ ಶುರು ಮಾಡುವುದಿಲ್ಲ’ – ದೀರ್ಘಕಾಲ ಬೇಕಾಗುವುದು ಕಾಯಿಲೆಯ ಸ್ವಭಾವದಿಂದ, ಮಾತ್ರೆಯ ಚಟದಿಂದಲ್ಲ.

‘ತಲೆ ಸುತ್ತಿದ ದಿನ ಮಾತ್ರ ನುಂಗುತ್ತೇನೆ’ – ತಲೆಸುತ್ತು ರಕ್ತದೊತ್ತಡದ ಅಳತೆಗೋಲಲ್ಲ. ಅಳೆದು ನೋಡುವುದೊಂದೇ ದಾರಿ.

6. ಈಗಾಗಲೇ ಇರುವ ವ್ಯವಸ್ಥೆ

ಸಂವಿಧಾನದ 243ಜಿ ವಿಧಿ ಮತ್ತು ಹನ್ನೊಂದನೆಯ ಅನುಸೂಚಿಯ 23ನೆಯ ಬಾಬಿನಲ್ಲಿ ಆರೋಗ್ಯ ಮತ್ತು ನೈರ್ಮಲ್ಯವು ಪಂಚಾಯತಿಗಳ ವಿಷಯವಾಗಿ ಸೇರಿದೆ. ಆದ್ದರಿಂದ ‘ಅದು ಆರೋಗ್ಯ ಇಲಾಖೆಯ ಕೆಲಸ’ ಎಂದು ಪಂಚಾಯತಿಯು ಬದಿಗೆ ಸರಿಯಲಾಗದು. ಸದಸ್ಯರು ತಿಳಿದಿರಬೇಕಾದ ವ್ಯವಸ್ಥೆಗಳು ಇವು:

ಅ) ಆಯುಷ್ಮಾನ್ ಆರೋಗ್ಯ ಮಂದಿರ: ಉಪಕೇಂದ್ರಗಳನ್ನು 2018ರಿಂದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಉನ್ನತೀಕರಿಸಿ, 2023ರಲ್ಲಿ ಈ ಹೆಸರನ್ನು ನೀಡಲಾಯಿತು. ಇಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯು ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿ, ವೈದ್ಯರು ಸೂಚಿಸಿದ ಮಾತ್ರೆಗಳನ್ನು ಮುಂದುವರಿಸಿ ನೀಡಬಹುದು.

ಆ) ಗೃಹ ಆರೋಗ್ಯ ಯೋಜನೆ: 2024ರಲ್ಲಿ ನೆರೆಯ ಕೋಲಾರ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 2025ರಲ್ಲಿ ರಾಜ್ಯದ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. 30 ವರ್ಷ ಮೇಲ್ಪಟ್ಟವರನ್ನು ಮನೆಬಾಗಿಲಲ್ಲೇ ತಪಾಸಣೆ ಮಾಡುವುದು ಇದರ ಉದ್ದೇಶ.

ಇ) ಗ್ರಾಮ ಪಂಚಾಯತಿ ಆರೋಗ್ಯ ಅಮೃತ ಅಭಿಯಾನ: ಇದರಡಿ ಪಂಚಾಯತಿಗಳಿಗೆ ರಕ್ತದೊತ್ತಡ ಮಾಪಕವೂ ಸೇರಿದ ಆರೋಗ್ಯ ಕಿಟ್ ಒದಗಿಸಲಾಗಿದೆ. ಆ ಕಿಟ್ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿದೆಯೇ, ಮಾಪಕದ ಬ್ಯಾಟರಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು.

ಈ) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿ: ಎರಡರಲ್ಲಿಯೂ ಪಂಚಾಯತಿಯ ಪ್ರತಿನಿಧಿಗಳಿಗೆ ಸ್ಥಾನವಿದೆ. ಔಷಧ ದಾಸ್ತಾನಿನ ಬಗ್ಗೆ ಪ್ರಶ್ನಿಸಲು ಇವೇ ಸೂಕ್ತ ವೇದಿಕೆಗಳು.

7. ಪಂಚಾಯತಿಯು ಕೈಗೊಳ್ಳಬೇಕಾದ ಕಾರ್ಯಗಳು

ಚಿಕಿತ್ಸೆ ನೀಡುವುದು ಪಂಚಾಯತಿಯ ಕೆಲಸವಲ್ಲ. ಚಿಕಿತ್ಸೆಯು ಯಾರಿಗೂ ತಪ್ಪಿಹೋಗದಂತೆ ಮಾಡುವುದು ಪಂಚಾಯತಿಯ ಕೆಲಸ.

(1) ಜನರು ಸೇರುವಲ್ಲಿಗೇ ತಪಾಸಣೆ ಹೋಗಲಿ. ಚಿಕ್ಕಬಳ್ಳಾಪುರ ಜಿಲ್ಲೆಯ ಬಹುತೇಕ ಹಳ್ಳಿಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಹಾಲಿನ ಡೈರಿಯ ಮುಂದೆ ಜನ ಸೇರುತ್ತಾರೆ. ತಿಂಗಳಿಗೆ ಒಂದು ನಿಗದಿತ ದಿನ ಅಲ್ಲಿಯೇ ರಕ್ತದೊತ್ತಡ ಅಳೆದು, ಮಾತ್ರೆ ವಿತರಿಸುವಂತೆ ಆರೋಗ್ಯ ಸಿಬ್ಬಂದಿಯೊಂದಿಗೆ ಮಾತನಾಡಿ ವ್ಯವಸ್ಥೆ ಮಾಡಬಹುದು. ಗೌರಿಬಿದನೂರು ಭಾಗದ ಕಾರ್ಖಾನೆ ಕಾರ್ಮಿಕರು, ಚಿಂತಾಮಣಿಯ ಮಾರುಕಟ್ಟೆಯ ಹಮಾಲರು, ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಕಾರ್ಮಿಕರು ಮತ್ತು ಉದ್ಯೋಗ ಖಾತರಿ ಕೂಲಿಕಾರರಿಗೂ ಕೆಲಸದ ಸ್ಥಳದಲ್ಲಿ ಇಂತಹದೇ ಏರ್ಪಾಡು ಆಗಬೇಕು.

(2) ಅಳತೆ ಸರಿಯಾಗಿರಲಿ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಟೀ, ಬೀಡಿ ಸೇವಿಸಿರಬಾರದು. ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು ಕುಳಿತು, ತೋಳನ್ನು ಹೃದಯದ ಮಟ್ಟದಲ್ಲಿಟ್ಟು, ಮಾತನಾಡದೆ ಎರಡು ಬಾರಿ ಅಳೆಯಿಸಿಕೊಳ್ಳಬೇಕು. ಹಾಲಿನ ಕ್ಯಾನು ಹೊತ್ತು ಬಂದವರನ್ನು ಆ ಕೂಡಲೇ ಅಳೆದರೆ ತಪ್ಪು ಸಂಖ್ಯೆ ಬರುತ್ತದೆ. ಆದ್ದರಿಂದ ಡೈರಿಯ ಬಳಿ ನಾಲ್ಕು ಕುರ್ಚಿ, ಒಂದು ಮೇಜು ಒದಗಿಸುವುದೂ ಪಂಚಾಯತಿಯ ಉಪಯುಕ್ತ ಕಾಣಿಕೆಯೇ. ಅಳತೆಯು 180/110 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಂದೇ ವೈದ್ಯರ ಬಳಿಗೆ ಕಳುಹಿಸಬೇಕು.

(3) ಪ್ರತಿ ಕೆ.ಡಿ.ಪಿ. ಸಭೆಯಲ್ಲಿ ಐದು ಸಂಖ್ಯೆಗಳನ್ನು ಕೇಳಬೇಕು: 30 ವರ್ಷ ಮೇಲ್ಪಟ್ಟವರೆಷ್ಟು? ಅವರಲ್ಲಿ ತಪಾಸಣೆಯಾದವರೆಷ್ಟು? ಮಾತ್ರೆ ಆರಂಭಿಸಿದವರೆಷ್ಟು? ಕಳೆದ ತಿಂಗಳು ಮಾತ್ರೆ ಪಡೆದವರೆಷ್ಟು? 140/90ಕ್ಕಿಂತ ಕೆಳಗಿರುವವರೆಷ್ಟು? ಮೂರನೆಯ ಮತ್ತು ನಾಲ್ಕನೆಯ ಸಂಖ್ಯೆಗಳ ನಡುವಿನ ಅಂತರವೇ ಮಾತ್ರೆ ಬಿಟ್ಟವರ ಸಂಖ್ಯೆ. ಅವರ ಮನೆಗೆ ಆಶಾ ಕಾರ್ಯಕರ್ತೆಯು ಹೋಗಿಬಂದರೇ ಎಂಬುದು ಮುಂದಿನ ಪ್ರಶ್ನೆಯಾಗಬೇಕು.

(4) ಹೆಸರುಗಳನ್ನು ಬಹಿರಂಗಪಡಿಸಬಾರದು. ಸಭೆಗೆ ಬೇಕಾಗಿರುವುದು ಸಂಖ್ಯೆಗಳು ಮಾತ್ರ. ರೋಗಿಗಳ ಪಟ್ಟಿಯು ಆರೋಗ್ಯ ಸಿಬ್ಬಂದಿಯ ಬಳಿಯೇ ಇರತಕ್ಕದ್ದು. ಅದನ್ನು ಸೂಚನಾ ಫಲಕದಲ್ಲಾಗಲಿ ವಾಟ್ಸ್ಆ್ಯಪ್ ಗುಂಪಿನಲ್ಲಾಗಲಿ ಹಾಕಕೂಡದು. ಕಾಯಿಲೆಯ ಸುದ್ದಿ ಹರಡಿದರೆ ಕೆಲಸಕ್ಕೂ ಮದುವೆ ಸಂಬಂಧಕ್ಕೂ ತೊಡಕಾಗುವುದೆಂಬ ಭಯದಿಂದ ಜನರು ತಪಾಸಣೆಯಿಂದಲೇ ದೂರ ಉಳಿಯುತ್ತಾರೆ.

(5) ಔಷಧ ದಾಸ್ತಾನು ಮುಗಿಯುವ ಮೊದಲೇ ತಿಳಿಯಬೇಕು. ಕೊರತೆ ಕಂಡುಬಂದರೆ ಪಂಚಾಯತಿಯು ಲಿಖಿತವಾಗಿ ತಾಲ್ಲೂಕು ಆರೋಗ್ಯಾಧಿಕಾರಿಗಳ ಗಮನಕ್ಕೆ ತರಬೇಕು. ದೂರದ ಹಳ್ಳಿಯವರಿಗೆ ಮತ್ತು ವಲಸೆ ಹೋಗುವ ಕೂಲಿಕಾರರಿಗೆ ಹೆಚ್ಚಿನ ಅವಧಿಯ ಮಾತ್ರೆಯನ್ನು ಒಮ್ಮೆಲೇ ನೀಡುವ ಸಾಧ್ಯತೆಯ ಬಗ್ಗೆ ವೈದ್ಯಾಧಿಕಾರಿಗಳೊಂದಿಗೆ ಚರ್ಚಿಸಬೇಕು.

(6) ತುರ್ತು ಚಿಹ್ನೆಗಳು ಪ್ರತಿ ಮನೆಗೂ ತಿಳಿದಿರಲಿ. ಮುಖ ಒಂದು ಬದಿಗೆ ವಾಲುವುದು, ಕೈ ಎತ್ತಲಾಗದಿರುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಚಿಹ್ನೆಗಳು. ಎದೆಯಲ್ಲಿ ಹಿಸುಕಿದಂತಹ ನೋವು, ಬೆವರು, ಉಸಿರುಕಟ್ಟುವಿಕೆ ಹೃದಯಾಘಾತದ ಚಿಹ್ನೆಗಳು. ಎರಡರಲ್ಲಿಯೂ 108ಕ್ಕೆ ಕರೆ ಮಾಡುವುದು ಮೊದಲ ಕೆಲಸ. ಪಾರ್ಶ್ವವಾಯುವಿನಲ್ಲಿ ರಕ್ತದ ಗರಣೆ ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ನಾಟಿ ಔಷಧ, ಎಣ್ಣೆ ತಿಕ್ಕುವುದು ಎಂದು ಕಾಲ ಕಳೆದರೆ ಆ ಅವಕಾಶ ಕೈತಪ್ಪುತ್ತದೆ.

(7) ಶಾಲೆಯ ಆಸುಪಾಸಿನಲ್ಲಿ ತಂಬಾಕು ಮಾರಾಟವು 2003ರ ಕಾಯ್ದೆಯಂತೆ ನಿಷಿದ್ಧ. ಅಂಗಡಿಗಳಿಗೆ ಪರವಾನಗಿ ನೀಡುವಾಗಲೇ ಪಂಚಾಯತಿಯು ಇದನ್ನು ಖಚಿತಪಡಿಸಿಕೊಳ್ಳಬೇಕು.

(8) ಈ ಎಲ್ಲ ಕಾರ್ಯಗಳನ್ನು ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯ ‘ಆರೋಗ್ಯಕರ ಗ್ರಾಮ’ ವಿಷಯದಡಿ ಸೇರಿಸಿದರೆ ಅವು ಒಬ್ಬ ಸದಸ್ಯರ ಉತ್ಸಾಹಕ್ಕೆ ಸೀಮಿತವಾಗದೆ ಪಂಚಾಯತಿಯ ಕಾಯಂ ಕಾರ್ಯವಾಗುತ್ತವೆ.

8. ಒಂದು ಹೊರನಾಡಿನ ಅನುಭವ

ಸ್ಥಳೀಯ ಜನರೇ ಮುಂದಾದರೆ ಇಂತಹ ಕಾಯಿಲೆಗಳನ್ನು ಹಿಮ್ಮೆಟ್ಟಿಸಬಹುದೆಂಬುದಕ್ಕೆ ಫಿನ್ಲೆಂಡ್ ದೇಶದ ಉತ್ತರ ಕರೇಲಿಯಾ ಪ್ರಾಂತ ಸಾಕ್ಷಿಯಾಗಿದೆ. ಅದು ಹೈನುಗಾರಿಕೆ ಮತ್ತು ಮರಗೆಲಸವನ್ನು ನಂಬಿದ್ದ, ಹೆಚ್ಚು ಅನುಕೂಲವಿಲ್ಲದ ಗ್ರಾಮೀಣ ಪ್ರದೇಶ. ಅಲ್ಲಿ ದುಡಿಯುವ ವಯಸ್ಸಿನ ಗಂಡಸರು ಹೃದ್ರೋಗದಿಂದ ಅಸಾಧಾರಣ ಸಂಖ್ಯೆಯಲ್ಲಿ ಸಾಯುತ್ತಿದ್ದರು. 1971ರಲ್ಲಿ ಪ್ರಾಂತದ ಜನಪ್ರತಿನಿಧಿಗಳು ಸರ್ಕಾರಕ್ಕೆ ಮನವಿ ಸಲ್ಲಿಸಿದರು. 1972ರಲ್ಲಿ ಡಾ. ಪೆಕ್ಕಾ ಪುಸ್ಕಾ ಅವರ ನೇತೃತ್ವದಲ್ಲಿ ಕಾರ್ಯಕ್ರಮ ಆರಂಭವಾಯಿತು. ಗೃಹಿಣಿಯರ ಸಂಘಗಳು ಕಡಿಮೆ ಕೊಬ್ಬು ಮತ್ತು ಕಡಿಮೆ ಉಪ್ಪಿನ ಅಡುಗೆಯನ್ನು ಊರೂರಿಗೆ ಕಲಿಸಿದವು, ರಕ್ತದೊತ್ತಡವಿದ್ದವರನ್ನು ಗುರುತಿಸಿ ನಿರಂತರವಾಗಿ ಗಮನಿಸಲಾಯಿತು, ಧೂಮಪಾನ ಇಳಿಮುಖವಾಯಿತು. ಮೂರೂವರೆ ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವುಗಳು ಶೇ. 80ಕ್ಕೂ ಹೆಚ್ಚು ಕಡಿಮೆಯಾದವು. ಆ ಕೆಲಸದ ಮೊದಲ ಹೆಜ್ಜೆಯನ್ನಿಟ್ಟವರು ಜನರ ಪ್ರತಿನಿಧಿಗಳೆಂಬುದನ್ನು ಗಮನಿಸಬೇಕು. ನಮ್ಮ ಹಳ್ಳಿಗಳ ಸ್ತ್ರೀಶಕ್ತಿ ಮತ್ತು ಸ್ವಸಹಾಯ ಸಂಘಗಳು ಇಂತಹದೇ ಪಾತ್ರವನ್ನು ನಿರ್ವಹಿಸಬಲ್ಲವು.

ಸಾರಾಂಶ

ಅಧಿಕ ರಕ್ತದೊತ್ತಡವನ್ನು ಪತ್ತೆಹಚ್ಚಲು ಬೇಕಾದ ಉಪಕರಣ ಪಂಚಾಯತಿಯಲ್ಲಿಯೇ ಇದೆ. ಮಾತ್ರೆ ಸರ್ಕಾರಿ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತದೆ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ ಊರಿನವರೇ ಆಗಿದ್ದಾರೆ. ಇವು ಮೂರನ್ನೂ ಕೂಲಿ ಕಳೆದುಕೊಳ್ಳಲಾಗದ ಕುಟುಂಬದ ಬಾಗಿಲಿಗೆ ಪ್ರತಿ ತಿಂಗಳೂ ತಪ್ಪದೆ ತಲುಪಿಸುವುದೇ ಉಳಿದಿರುವ ಕೆಲಸ. ಆ ಕೆಲಸಕ್ಕೆ ಗ್ರಾಮ ಪಂಚಾಯತಿ ಸದಸ್ಯರಿಗಿಂತ ಹತ್ತಿರದವರು ಬೇರೆ ಇಲ್ಲ.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ಪಂಚಾಯತಿಗೆ ನೀಡಲಾದ ಆರೋಗ್ಯ ಕಿಟ್ ಈಗ ಎಲ್ಲಿದೆ? ಕಳೆದ ತಿಂಗಳು ಅದನ್ನು ಎಷ್ಟು ಮಂದಿಗೆ ಬಳಸಲಾಯಿತು?
2. ಪಂಚಾಯತಿ ವ್ಯಾಪ್ತಿಯ ಯಾವ ಹಳ್ಳಿಯವರು ಒಂದು ತಿಂಗಳ ಮಾತ್ರೆಗಾಗಿ ಒಂದು ದಿನದ ಕೂಲಿ ಕಳೆದುಕೊಳ್ಳುತ್ತಿದ್ದಾರೆ? ಅದನ್ನು ತಪ್ಪಿಸುವ ಬಗೆ ಯಾವುದು?
3. ಕಳೆದ ಒಂದು ವರ್ಷದಲ್ಲಿ ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಎಷ್ಟು ಮಂದಿಗೆ ರಕ್ತದೊತ್ತಡದ ಅರಿವು ಮೊದಲೇ ಇತ್ತು? ಅವರಲ್ಲಿ ಎಷ್ಟು ಮಂದಿ ಮಾತ್ರೆ ಬಿಟ್ಟಿದ್ದರು?
4. ಸದಸ್ಯರು ತಮ್ಮ ರಕ್ತದೊತ್ತಡವನ್ನು ಕಡೆಯ ಬಾರಿ ಅಳೆಯಿಸಿಕೊಂಡದ್ದು ಯಾವಾಗ? ಮುಂದಿನ ಸಾಮಾನ್ಯ ಸಭೆಯನ್ನು ಸದಸ್ಯರೆಲ್ಲರ ತಪಾಸಣೆಯಿಂದಲೇ ಆರಂಭಿಸಬಹುದೇ?